ಮ್ಯಾನೇಜ್‌ಮೆಂಟ್ ಓದಿದವರ ಉತ್ತರಾರ್ಧ

ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಸಭೆಗೆ ಬಂದವರಿಗೆಲ್ಲ ಧಾರವಾಡ ಪೇಡೆ ಹಂಚಿದರು. ಅವರ ಮಗನಿಗೆ ಆ ವರ್ಷ ಐ.ಐ.ಎಂ. ಒಂದರಲ್ಲಿ ಪ್ರವೇಶ ದೊರೆತಿತ್ತು. ಪಕ್ಕದಲ್ಲಿ ಕುಳಿತಿದ್ದ ತೆಲುಗು ಮಿತ್ರರು ಪೇಡೆಯನ್ನು ಬಾಯಿಗಿಡುವ ಮೊದಲೇ ‘ಪ್ಯಾಕೇಜ್ ಎಂತಂಡಿ?’ ಎಂದು ಕೇಳಿದರು. ಹುಡುಗ ಪಾಠ ಕೇಳಲು ತೊಡಗಿ ನಾಲ್ಕೈದು ತಿಂಗಳಷ್ಟೇ ಆಗಿತ್ತು. ಸಂಬಳದ ಮಾತು ಬರಲು ಇನ್ನೂ ಬಹಳ ಕಾಲವಿತ್ತು. ತಂದೆ ಕುಂದಾಪುರದ ಕಡೆಯವರು. ಮೂವತ್ತು ವರ್ಷ ಆಂಧ್ರದಲ್ಲಿ ಕಳೆದಿದ್ದರೂ ಕಿವಿ ಮಾತ್ರ ಊರಿನದೇ. ತೆಲುಗಿನ ‘ಎಂತ’ ಎಂದರೆ ಎಷ್ಟು. ಕರಾವಳಿ ಕನ್ನಡದ ‘ಎಂತ’ ಎಂದರೆ ಏನು. ಅವರು ಒಂದು ಕ್ಷಣ ತಡೆದು, ‘ಎಂತದು ಅಂತ ಅವನಿಗೇ ಇನ್ನೂ ಗೊತ್ತಿಲ್ಲ ಮಾರಾಯ್ರೆ’ ಎಂದರು. ಸುತ್ತಲಿದ್ದವರು ನಕ್ಕರು.

ನಗೆ ಅಲ್ಲಿಗೆ ಮುಗಿಯಿತಾದರೂ ಆ ಎರಡು ‘ಎಂತ’ಗಳು ನನ್ನನ್ನು ಬಿಡಲಿಲ್ಲ. ಮ್ಯಾನೇಜ್‌ಮೆಂಟ್ ಶಿಕ್ಷಣದ ಕುರಿತು ನಮ್ಮ ಪತ್ರಿಕೆಗಳು ಬರೆಯುವುದೆಲ್ಲ ಮೊದಲನೆಯ ಬಗೆಯ ‘ಎಂತ’ದ ಲೆಕ್ಕವೇ. ಪ್ರತಿ ವರ್ಷ ಯಾವ ಸಂಸ್ಥೆಯ ಯಾವ ಹುಡುಗನಿಗೆ ಎಷ್ಟು ಲಕ್ಷ, ಎಷ್ಟು ಕೋಟಿ ಎಂಬ ಸುದ್ದಿ ಮುಖಪುಟಕ್ಕೆ ಬರುತ್ತದೆ. ಆಮೇಲೆ ಆ ಹುಡುಗ ನಲವತ್ತು ವರ್ಷ ದುಡಿಯುತ್ತಾನೆ. ಆತನೇನಾದರೂ ದೊಡ್ಡ ಕಂಪನಿಯ ಅಧ್ಯಕ್ಷನಾದರೆ ಇನ್ನೊಮ್ಮೆ ಸುದ್ದಿಯಾಗುತ್ತಾನೆ. ಇವೆರಡರ ನಡುವಿನ ಬದುಕನ್ನು, ಅದು ನಾಡಿಗೆ ಬಿಟ್ಟುಹೋದದ್ದನ್ನು, ಯಾರೂ ವಿಚಾರಿಸುವುದಿಲ್ಲ. ಸಂಸ್ಥೆಗಳಿಗೂ ಅದರ ಗೊಡವೆ ಇದ್ದಂತಿಲ್ಲ.

ಮಧುರವಾಡದಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಇದು ದೂರದ ವಿಷಯವಲ್ಲ. ಇಲ್ಲಿಂದ ಹೆದ್ದಾರಿ ಹಿಡಿದು ಆನಂದಪುರಂ ಕಡೆಗೆ ಹೊರಟರೆ ಗಂಭೀರಂನಲ್ಲಿ ವಿಶಾಖಪಟ್ಟಣದ ಐ.ಐ.ಎಂ. ಸಿಗುತ್ತದೆ. 2015ರಲ್ಲಿ ಆಂಧ್ರ ವಿಶ್ವವಿದ್ಯಾಲಯದ ಆವರಣದಲ್ಲಿ ತಾತ್ಕಾಲಿಕವಾಗಿ ಆರಂಭವಾದ ಈ ಸಂಸ್ಥೆಯ ಸ್ವಂತ ನೆಲೆಯ ಮೊದಲ ಹಂತ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ವಿಶಾಖಪಟ್ಟಣಕ್ಕೆ ಈ ವಿದ್ಯೆ ಹೊಸದೇನಲ್ಲ, ದೇಶದಲ್ಲಿ ಎಂ.ಬಿ.ಎ. ತರಗತಿಯನ್ನು ಮೊದಮೊದಲು ತೆರೆದ ವಿಶ್ವವಿದ್ಯಾಲಯಗಳಲ್ಲಿ ಆಂಧ್ರ ವಿಶ್ವವಿದ್ಯಾಲಯವೂ ಒಂದು, 1957ರಷ್ಟು ಹಿಂದೆ. ಆದರೆ ಕನ್ನಡಿಗರಿಗೆ ಹತ್ತಿರವಾದ ಸಂಗತಿ ಬೇರೆ ಇದೆ. ಗಂಭೀರಂನ ಸಂಸ್ಥೆಯನ್ನು ಆರಂಭದಲ್ಲಿ ಕೈಹಿಡಿದು ನಡೆಸುವ ಹೊಣೆಯನ್ನು ಕೇಂದ್ರ ಸರ್ಕಾರ ವಹಿಸಿದ್ದು ಬೆಂಗಳೂರಿನ ಐ.ಐ.ಎಂ.ಗೆ. ತಾಯಿಯ ಸ್ವಭಾವ ಮಗಳಿಗೆ ಬರುವುದು ಸಹಜವಾದ್ದರಿಂದ ತಾಯಿಮನೆಯ ಕಥೆಯನ್ನು ಸ್ವಲ್ಪ ನೋಡಬೇಕು.

ಬೆಂಗಳೂರಿನ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ರಾಜ್ಯ ಸರ್ಕಾರ ನೂರು ಎಕರೆ ಭೂಮಿಯನ್ನೂ ಮೂವತ್ತು ಲಕ್ಷ ರೂಪಾಯಿ ಮೂಲಧನವನ್ನೂ ಕೊಟ್ಟಿತು. ಅದರ ಮೊದಲ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದವರು ಟಿ.ಎ. ಪೈ. ಮಣಿಪಾಲದ ಈ ಪೈಗಳು ಸ್ವತಃ ವ್ಯವಹಾರ ವಿದ್ಯೆಯ ವಿದ್ಯಾರ್ಥಿಯಾಗಿದ್ದವರು. ಎಂ.ಬಿ.ಎ. ಎಂಬ ಮೂರಕ್ಷರ ನಮ್ಮಲ್ಲಿ ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಓದಿ ಊರಿಗೆ ಮರಳಿದರು. ಅಲ್ಲಿ ಅವರಿಗಾಗಿ ಕಾದಿದ್ದದ್ದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದ ಬ್ಯಾಂಕು. ನೇಕಾರರ, ಮೀನುಗಾರರ, ಹೋಟೆಲು ಮಾಣಿಗಳ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿಯೇ ಕಂಡುಹಿಡಿದಿದ್ದ ಬ್ಯಾಂಕು ಅದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. ಟಿ.ಎ. ಪೈ ಅದನ್ನು ಹಳ್ಳಿಗೂ ಹೊಲಕ್ಕೂ ಕೊಂಡೊಯ್ದರು. 1965ರಲ್ಲಿ ಭಾರತೀಯ ಆಹಾರ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. ಅನಂತರ ಜೀವ ವಿಮಾ ನಿಗಮ, ಅನಂತರ ರೈಲ್ವೆ ಮಂತ್ರಿಪದವಿ, ಕೈಗಾರಿಕಾ ಖಾತೆ. ಮಣಿಪಾಲದಲ್ಲಿ ಅವರ ಹೆಸರಿನ ಮ್ಯಾನೇಜ್‌ಮೆಂಟ್ ಸಂಸ್ಥೆ 1980ರಲ್ಲಿ ಆರಂಭವಾಯಿತು. 1981ರಲ್ಲಿ ಅವರು ತೀರಿಕೊಂಡರು. ಅವರ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣವಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋಯಿತು. ಪಿಗ್ಮಿ ಎಂಬ ಮಾತು ಕರಾವಳಿಯ ಪೇಟೆಗಳಲ್ಲಿ ಇನ್ನೂ ಉಳಿದಿದೆ. ನಾನು ಉತ್ತರಾರ್ಧವೆನ್ನುವುದು ಇಂಥದನ್ನು.

ಬೆಂಗಳೂರಿನ ಸಂಸ್ಥೆಯ ಮೂಲ ಸಂಕಲ್ಪವೂ ಇದಕ್ಕೆ ತಕ್ಕಂತೆ ಇತ್ತು. ಸಾರ್ವಜನಿಕ ಉದ್ದಿಮೆಗಳಿಗೆ ಸಮರ್ಥ ಅಧಿಕಾರಿಗಳನ್ನು ತಯಾರಿಸಿ ಕೊಡುವುದು ಅದರ ಉದ್ದೇಶವೆಂದು ಅಂದಿನವರು ತಿಳಿದಿದ್ದರು. ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿಯವರು ತಮ್ಮ ಶಕ್ತಿಯ ಬಹುಪಾಲನ್ನು ಎತ್ತಿನ ಗಾಡಿಯ ಸುಧಾರಣೆಗೆ ವ್ಯಯಿಸಿದರೆಂದರೆ ಇಂದಿನ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ದೇಶದ ಸರಕು ಸಾಗಣೆಯಲ್ಲಿ ಎತ್ತುಗಳು ಎಳೆಯುವ ಪಾಲೆಷ್ಟು, ನೊಗ ಕತ್ತನ್ನು ಕೊಯ್ಯದಂತೆ ಮಾಡುವುದು ಹೇಗೆ ಎಂಬುದು ಅವರ ಪಾಲಿಗೆ ಮ್ಯಾನೇಜ್‌ಮೆಂಟಿನ ಪ್ರಶ್ನೆಯೇ ಆಗಿತ್ತು. ಆ ಸಂಕಲ್ಪ ವ್ಯರ್ಥವಾಯಿತೆನ್ನಲಾರೆ. ವಿಶಾಖಪಟ್ಟಣದ ತೈಲ ಶುದ್ಧೀಕರಣಾಗಾರವನ್ನು ನಡೆಸುವ ಹಿಂದುಸ್ತಾನ್ ಪೆಟ್ರೋಲಿಯಂನ ಅಧ್ಯಕ್ಷರಾಗಿ 2007ರಿಂದ 2010ರವರೆಗೆ ಇದ್ದ ಅರುಣ್ ಬಾಲಕೃಷ್ಣನ್ ಬೆಂಗಳೂರು ಐ.ಐ.ಎಂ.ನ ಹಳೆಯ ವಿದ್ಯಾರ್ಥಿ. ಆದರೆ 1991ರ ನಂತರ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಬ್ಯಾಂಕು, ಸಲಹಾ ಕಂಪನಿ, ವಿದೇಶ ಎಂಬ ಮೂರು ಬಾಗಿಲುಗಳ ಮುಂದೆ ಸರದಿ ಬೆಳೆಯಿತು. ಇದನ್ನು ದ್ರೋಹವೆಂದು ಕರೆಯುವಷ್ಟು ಸರಳ ಮನಸ್ಸು ನನ್ನದಲ್ಲ. ಸಾರ್ವಜನಿಕ ಉದ್ದಿಮೆಗಳಲ್ಲಿ ನಾವು ಆ ಹುಡುಗರನ್ನು ನಡೆಸಿಕೊಂಡ ರೀತಿಯೂ ಅದಕ್ಕೊಂದು ಕಾರಣ.

ಖಾಸಗಿ ಕ್ಷೇತ್ರಕ್ಕೆ ಹೋದವರ ಕೊಡುಗೆ ಕಡಿಮೆಯೆಂದೂ ಅರ್ಥವಲ್ಲ. ಮಂಗಳೂರಿನ ಕೆ.ವಿ. ಕಾಮತ್ ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜಿನಿಂದ ಅಹಮದಾಬಾದಿನ ಐ.ಐ.ಎಂ.ಗೆ ಹೋಗಿ, 1971ರಲ್ಲಿ ಐ.ಸಿ.ಐ.ಸಿ.ಐ. ಸೇರಿದರು. 1996ರಿಂದ 2009ರವರೆಗೆ ಅದರ ಮುಖ್ಯಸ್ಥರಾಗಿ ಒಂದು ಸಾಲ ಸಂಸ್ಥೆಯನ್ನು ದೇಶವ್ಯಾಪಿ ಬ್ಯಾಂಕಾಗಿ ಮಾರ್ಪಡಿಸಿದರು. 2015ರಲ್ಲಿ ಬ್ರಿಕ್ಸ್ ರಾಷ್ಟ್ರಗಳ ಹೊಸ ಬ್ಯಾಂಕಿನ ಮೊದಲ ಅಧ್ಯಕ್ಷರಾಗಿ ಶಾಂಘಾಯಿಗೆ ಹೋದರು. ಈ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ವಿಸ್ತರಿಸುವುದಿಲ್ಲ.

ಹಳ್ಳಿಯ ದಾರಿ ಹಿಡಿದವರೂ ಇದ್ದಾರೆ. ಅಹಮದಾಬಾದಿನಲ್ಲಿ ಓದಿದ ವಿಜಯ್ ಮಹಾಜನ್ 1983ರಲ್ಲಿ ‘ಪ್ರದಾನ್’ ಸಂಸ್ಥೆಯನ್ನು ಕಟ್ಟಿದವರಲ್ಲೊಬ್ಬರು. 1996ರಲ್ಲಿ ಹೈದರಾಬಾದಿನಿಂದ ‘ಬೇಸಿಕ್ಸ್’ ಎಂಬ ಕಿರುಸಾಲ ಸಂಸ್ಥೆ ಆರಂಭಿಸಿದರು. ಬಡವನಿಗೆ ಸಾಲ ಕೊಟ್ಟರೆ ಮರಳಿ ಬರುತ್ತದೆ ಎಂಬುದನ್ನು ತೋರಿಸಿದ ಮೊದಲಿಗರಲ್ಲಿ ಅವರೂ ಸೇರಿದ್ದರು. ಅನಂತರ ಅದೇ ಹಾದಿಯಲ್ಲಿ ಲಾಭದ ಬೆನ್ನು ಹತ್ತಿದ ಬಹು ಮಂದಿ ಬಂದರು. ಆಂಧ್ರದ ಹಳ್ಳಿಗಳಲ್ಲಿ ಒಂದೇ ಮನೆಗೆ ನಾಲ್ಕು ಕಡೆಯಿಂದ ಸಾಲ, ವಸೂಲಿಯ ಕಿರುಕುಳ, ಆತ್ಮಹತ್ಯೆಗಳು; 2010ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರದ ಸುಗ್ರೀವಾಜ್ಞೆ. ವಸೂಲಿ ಕುಸಿದು ಬಿದ್ದಾಗ ಹಳೆಯ ಬೇಸಿಕ್ಸ್ ಕೂಡ ನೆಲ ಕಚ್ಚಿತು. ಶ್ರೀಕಾಕುಳಂ, ವಿಜಯನಗರಂ ಕಡೆ ಪ್ರವಾಸ ಮಾಡಿದ ನಮ್ಮ ಸದಸ್ಯರಿಗೆ ಆ ವರ್ಷಗಳ ನೆನಪಿರಬಹುದು. ಒಬ್ಬನ ಪರಂಪರೆ ಅವನ ಉದ್ದೇಶದಿಂದಷ್ಟೇ ನಿರ್ಧಾರವಾಗುವುದಿಲ್ಲ. ಅವನ ಹಿಂದೆ ಬಂದವರು ಅದನ್ನು ಏನು ಮಾಡಿದರೆಂಬುದೂ ಅದರಲ್ಲಿ ಸೇರಿಹೋಗುತ್ತದೆ.

ಈಗ ನಾನು ಹೇಳಬೇಕೆಂದುಕೊಂಡಿದ್ದ ಹೆಸರಿಗೆ ಬರುತ್ತೇನೆ: ಮಂಜುನಾಥ್ ಷಣ್ಮುಗಂ. ನಮ್ಮ ಸಭೆಯಲ್ಲಿ ಹತ್ತು ಮಂದಿಯನ್ನು ಕೇಳಿದೆ, ಇಬ್ಬರಿಗೆ ಮಾತ್ರ ನೆನಪಿತ್ತು.

ಮಂಜುನಾಥ್ 1978ರಲ್ಲಿ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಮನೆಮಾತು ಯಾವುದೆಂಬ ವಿಚಾರಣೆ ಹೊರನಾಡ ಸಂಘದ ಪತ್ರಿಕೆಯಲ್ಲಿ ಶೋಭಿಸುವುದಿಲ್ಲ. ನಾವೆಲ್ಲ ಮತ್ತೊಬ್ಬರ ನಾಡಿನಲ್ಲಿ ಅನ್ನ ಉಣ್ಣುತ್ತಿರುವವರು. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಆತ ಲಖನೌ ಐ.ಐ.ಎಂ.ನಿಂದ 2003ರಲ್ಲಿ ಹೊರಬಂದ. 2001ರ ಫೆಬ್ರವರಿ ಕೊನೆಗೆ ಊರಿನ ಗಣಿ ಬಾಗಿಲು ಹಾಕಿತ್ತು. ಸಾರ್ವಜನಿಕ ಉದ್ದಿಮೆಯೊಂದು ಮುಚ್ಚಿದಾಗ ಊರಿಗೆ ಊರೇ ಏನಾಗುತ್ತದೆ ಎಂಬುದನ್ನು ಆತ ಯಾವ ಪಠ್ಯಪುಸ್ತಕದಿಂದಲೂ ಕಲಿಯಬೇಕಿರಲಿಲ್ಲ. ಗೆಳೆಯರ ಬಳಗದಲ್ಲಿ ಹಾಡುಗಾರನೆಂದು ಹೆಸರಾಗಿದ್ದ. ಸೇರಿದ್ದು ಇಂಡಿಯನ್ ಆಯಿಲ್ ಕಾರ್ಪೊರೇಷನ್ನನ್ನು, ಮಾರಾಟ ಅಧಿಕಾರಿಯಾಗಿ. ಕಾರ್ಯಕ್ಷೇತ್ರ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆ.

ಆ ಕೆಲಸವೇನೆಂಬುದನ್ನು ತಿಳಿಯದೆ ಆ ಸಾವು ಅರ್ಥವಾಗದು. ಅಂದು ಪಡಿತರದ ಸೀಮೆಎಣ್ಣೆ ಲೀಟರಿಗೆ ಸುಮಾರು 9 ರೂಪಾಯಿ, ಡೀಸೆಲ್ ಸುಮಾರು 30 ರೂಪಾಯಿ. ಎರಡೂ ಸುಲಭವಾಗಿ ಬೆರೆಯುತ್ತವೆ. ಬಡವನ ಬುಡ್ಡಿಗೆಂದು ಸರ್ಕಾರ ಸಹಾಯಧನ ಕೊಟ್ಟ ಎಣ್ಣೆ ಟ್ಯಾಂಕರಿನಲ್ಲಿ ಬಂಕಿಗೆ ಹೋದರೆ ಒಂದೊಂದು ಲೀಟರಿಗೂ ಇಪ್ಪತ್ತು ರೂಪಾಯಿಯ ಅಂತರ. ಹೀಗೆ ದಾರಿ ತಪ್ಪುತ್ತಿದ್ದ ಸೀಮೆಎಣ್ಣೆ ಒಟ್ಟು ಹಂಚಿಕೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚೆಂದು ಸರ್ಕಾರವೇ ಮಾಡಿಸಿದ ಅಧ್ಯಯನ 2005ರಲ್ಲಿ ಹೇಳಿತು. ಈ ಹಣದ ಹೊಳೆಗೂ ಗ್ರಾಹಕನ ವಾಹನಕ್ಕೂ ನಡುವೆ ನಿಂತಿರುತ್ತಿದ್ದವನು ಇಪ್ಪತ್ತೇಳು ವರ್ಷದ ಒಬ್ಬ ಮಾರಾಟ ಅಧಿಕಾರಿ, ಅವನ ಕೈಯಲ್ಲೊಂದು ಮಾದರಿ ಸಂಗ್ರಹಿಸುವ ಸೀಸೆ, ಒಂದು ಸಾಂದ್ರತಾಮಾಪಕ.

ಗೋಲಾ ಗೋಕರ್ಣನಾಥವೆಂಬ ಪಟ್ಟಣ ಆ ಜಿಲ್ಲೆಯಲ್ಲಿದೆ. ಹೆಸರು ನಮಗೆ ಪರಿಚಿತವೆನಿಸುವುದಕ್ಕೆ ಕಾರಣವಿದೆ: ರಾವಣ ಲಿಂಗವನ್ನು ನೆಲದ ಮೇಲಿಡಿಸಿ ಕಳೆದುಕೊಂಡ ಕಥೆಯನ್ನು ನಮ್ಮ ಗೋಕರ್ಣದವರಂತೆ ಅವರೂ ತಮ್ಮೂರಿನದೆಂದು ಹೇಳುತ್ತಾರೆ. ಅಲ್ಲಿನ ಬಂಕೊಂದರಲ್ಲಿ ಕಲಬೆರಕೆ ಕಂಡು ಮಂಜುನಾಥ್ ಅದರ ಮಾರಾಟವನ್ನು ನಿಲ್ಲಿಸಿದ್ದ. ಅದು ಅವಧಿಗೆ ಮೊದಲೇ ಮತ್ತೆ ತೆರೆಯಿತು. 2005ರ ನವೆಂಬರ್ 19ರ ರಾತ್ರಿ ಆತ ತಪಾಸಣೆಗೆ ಹೋದ, ಒಬ್ಬನೇ ಹೋದ. ಕೆಲವು ದಿನಗಳಿಂದ ಮಗನ ಸುದ್ದಿಯಿಲ್ಲದೆ ತಂದೆ ಅದೇ ರಾತ್ರಿ ಕ್ಷೇಮ ಕೇಳಿ ಕಳಿಸಿದ ಸಂದೇಶಕ್ಕೆ ಉತ್ತರ ಬರಲಿಲ್ಲ. ಗುಂಡೇಟುಗಳಿಂದ ಜರ್ಜರಿತವಾದ ದೇಹ ಅವನದೇ ಕಾರಿನ ಹಿಂದಿನ ಸೀಟಿನಲ್ಲಿ ಸಿಕ್ಕಿತು. ಕಾರನ್ನು ಓಡಿಸಿಕೊಂಡು ಹೋಗುತ್ತಿದ್ದವರು ಬಂಕಿನ ನೌಕರರು.

ಇಲ್ಲಿಯವರೆಗಿನದು ಒಬ್ಬ ಪದವೀಧರನ ಬದುಕು. ಇಲ್ಲಿಂದ ಮುಂದಿನದು ಹಳೆಯ ವಿದ್ಯಾರ್ಥಿಗಳ ಪರಂಪರೆಯ ಮಾತು. ನಮ್ಮ ದೇಶದ ಜಿಲ್ಲಾ ನ್ಯಾಯಾಲಯಗಳಲ್ಲಿ ಬಲವುಳ್ಳವರ ವಿರುದ್ಧದ ಕೊಲೆ ಮೊಕದ್ದಮೆಗಳು ಸಾಮಾನ್ಯವಾಗಿ ಹೇಗೆ ಸೊರಗುತ್ತವೆ ಎಂಬುದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಸಾಕ್ಷಿ ತಿರುಗಿ ಬೀಳುತ್ತಾನೆ, ಕಡತ ಕಾಣೆಯಾಗುತ್ತದೆ, ದಿನಾಂಕದ ಮೇಲೆ ದಿನಾಂಕ. ಇಲ್ಲಿ ಹಾಗಾಗಲಿಲ್ಲ. ಲಖನೌದಲ್ಲಿ ಅವನೊಂದಿಗೆ ಓದಿದವರಷ್ಟೇ ಅಲ್ಲದೆ, ಅವನ ಮುಖವನ್ನೇ ನೋಡಿರದ ಬೇರೆ ಐ.ಐ.ಎಂ.ಗಳ ಹಳೆಯ ವಿದ್ಯಾರ್ಥಿಗಳು ಒಂದುಗೂಡಿದರು. ಮುಂದೆ ನಿಂತವರಲ್ಲಿ ಬೆಂಗಳೂರು ಸಂಸ್ಥೆಯಲ್ಲಿ ಓದಿದ ಮಹಿಳೆಯೊಬ್ಬರಿದ್ದರು. ಮಂಜುನಾಥನ ಹೆಸರಿನಲ್ಲಿ ಟ್ರಸ್ಟ್ ಸ್ಥಾಪಿಸಿದರು, ಹಣ ಸೇರಿಸಿದರು, ವಕೀಲರನ್ನು ಇಟ್ಟರು, ಪತ್ರಿಕೆಗಳು ಮರೆಯದಂತೆ ನೋಡಿಕೊಂಡರು. ಯೋಜನೆ, ಕಾಲಮಿತಿ, ಹೊಣೆ ಹಂಚಿಕೆ ಎಂದು ತರಗತಿಯಲ್ಲಿ ಕಲಿಸುವುದೆಲ್ಲ ಒಂದು ಜಿಲ್ಲಾ ಕೇಂದ್ರದ ನ್ಯಾಯಾಲಯದ ಅಂಗಳದಲ್ಲಿ ಪ್ರಯೋಗಕ್ಕೆ ಬಂದಿತು. ಕೊಲೆಯಾದ ಹದಿನಾರು ತಿಂಗಳಿಗೆ, 2007ರ ಮಾರ್ಚಿನಲ್ಲಿ, ಎಂಟು ಮಂದಿಗೆ ಶಿಕ್ಷೆಯಾಯಿತು. ಮುಖ್ಯ ಅಪರಾಧಿಗೆ ಮರಣದಂಡನೆ, ಉಳಿದವರಿಗೆ ಜೀವಾವಧಿ. 2009ರಲ್ಲಿ ಅಲಹಾಬಾದ್ ಹೈಕೋರ್ಟು ಮರಣದಂಡನೆಯನ್ನು ಜೀವಾವಧಿಗೆ ಇಳಿಸಿ ಇಬ್ಬರನ್ನು ಬಿಡುಗಡೆ ಮಾಡಿತು. 2015ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆರು ಮಂದಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಹತ್ತು ವರ್ಷ ಒಂದು ಗುಂಪು ಒಂದು ಕಡತದ ಬೆನ್ನು ಬಿಡದೆ ಕೂತಿತ್ತೆಂಬುದು, ಕಡತಗಳ ನಡುವೆಯೇ ಬದುಕು ಸವೆಸಿದ ನನ್ನಂಥವನಿಗೆ, ಸಾಮಾನ್ಯ ಸಂಗತಿಯೆನಿಸುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಭಾರತದ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಹಳೆಯ ವಿದ್ಯಾರ್ಥಿಗಳು ಒಟ್ಟಾಗಿ ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಆದರೂ ಇದರಲ್ಲಿ ಒಂದು ಕೊರತೆ ಇದೆ: ಅದು ನಡೆದದ್ದು ಸತ್ತ ಮೇಲೆ. ಬದುಕಿದ್ದಾಗ ಆ ಬಳಗ ಎಲ್ಲಿತ್ತು ಎಂದು ಕೇಳಿದರೆ ಅವರನ್ನು ದೂರಿದಂತಾದೀತು, ಅದು ನನ್ನ ಉದ್ದೇಶವಲ್ಲ. ದೂರು ಹೋಗಬೇಕಾದದ್ದು ಬೇರೆ ಕಡೆಗೆ, ಅಂದರೆ ನಮ್ಮ ಕಡೆಗೆ.

ಸರ್ಕಾರದ ಕ್ರಮಗಳನ್ನು ನೋಡೋಣ. 2003ರ ನವೆಂಬರಿನಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಇಂಜಿನಿಯರ್ ಸತ್ಯೇಂದ್ರ ದುಬೆ ಗಯಾದಲ್ಲಿ ಕೊಲೆಯಾದರು. ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿಯವರಿಗೆ ಬರೆದ ಪತ್ರದಲ್ಲಿ ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಅವರು ಕೋರಿದ್ದರು. 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ನಿರ್ಣಯವೊಂದನ್ನು ಹೊರಡಿಸಿ, ಇಂಥ ದೂರುಗಳನ್ನು ಸ್ವೀಕರಿಸಿ ದೂರುದಾರನನ್ನು ರಕ್ಷಿಸುವ ಹೊಣೆಯನ್ನು ಕೇಂದ್ರ ವಿಚಕ್ಷಣಾ ಆಯೋಗಕ್ಕೆ ಕೊಟ್ಟಿತು. ಮರುವರ್ಷವೇ ಮಂಜುನಾಥನ ಕೊಲೆ. 2006ರಲ್ಲಿ ಸೀಮೆಎಣ್ಣೆಗೆ ಗುರುತುದ್ರವ ಬೆರೆಸುವ ಪದ್ಧತಿ ಬಂತು, ಎರಡೇ ವರ್ಷಗಳಲ್ಲಿ ಅದನ್ನು ಕೈಬಿಟ್ಟದ್ದೂ ಆಯಿತು. ಅಕ್ರಮ ಬಯಲು ಮಾಡುವವರ ರಕ್ಷಣೆಯ ಕಾಯ್ದೆ 2014ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು ರಾಷ್ಟ್ರಪತಿಗಳ ಅಂಕಿತವನ್ನೂ ಪಡೆಯಿತು. ಜಾರಿಯ ದಿನಾಂಕ ಸೂಚಿಸುವ ಅಧಿಸೂಚನೆ ಮಾತ್ರ ವರ್ಷಗಳುರುಳಿದರೂ ಹೊರಬೀಳಲಿಲ್ಲ. ಅದನ್ನು ತಿದ್ದಲೆಂದು 2015ರಲ್ಲಿ ಮಂಡಿಸಿದ ಮಸೂದೆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಒಂದು ಕಾಯ್ದೆ ಅಂಕಿತವಾಗಿಯೂ ಜಾರಿಯಾಗದೆ ಇರುವುದೆಂದರೇನೆಂದು ಸರ್ಕಾರಿ ನೌಕರರಿಗೆ ವಿವರಿಸಬೇಕಾಗಿಲ್ಲ.

ಇಷ್ಟು ಹೇಳಿ ನನ್ನ ಪಾಲನ್ನು ಮುಚ್ಚಿಟ್ಟರೆ ಬರೆದದ್ದಕ್ಕೆ ಬೆಲೆಯಿರದು. ನಾನೂ ತಪಾಸಣೆಯ ಪ್ರವಾಸಾದೇಶಗಳಿಗೆ ಸಹಿ ಹಾಕಿದವನು. ಯಾವ ಕಚೇರಿ ಎಂಬುದು ಬೇಡ. ಕಿರಿಯ ಅಧಿಕಾರಿಯೊಬ್ಬರು ಒಮ್ಮೆ ನನ್ನ ಕೊಠಡಿಗೆ ಬಂದು, ‘ಸರ್, ಆ ಕಡೆಗೆ ಹೋಗುವಾಗ ಇನ್ನೊಬ್ಬರನ್ನು ಜೊತೆಗೆ ಕೊಡಿ’ ಎಂದು ಕೇಳಿದರು. ಸಿಬ್ಬಂದಿ ಕಡಿಮೆಯಿತ್ತು, ಪ್ರವಾಸ ಭತ್ಯೆಯ ಬಾಬಿನಲ್ಲಿ ಹಣ ಮುಗಿಯುತ್ತ ಬಂದಿತ್ತು. ನಿಯಮದಲ್ಲಿ ಒಬ್ಬರಿಗೆ ಮಾತ್ರ ಅವಕಾಶವೆಂದು ಹೇಳಿ ಕಳಿಸಿದೆ. ಅವರು ಹೋಗಿ ಬಂದರು, ಏನೂ ಆಗಲಿಲ್ಲ, ವರದಿ ಕೊಟ್ಟರು. ಆ ವರದಿ ಮೊದಲಿನ ವರದಿಗಳಿಗಿಂತ ಮೃದುವಾಗಿತ್ತು. ಯಾಕೆಂದು ನಾನು ಕೇಳಲಿಲ್ಲ. ಅವರಿಗೂ ಒಂದು ಮ್ಯಾನೇಜ್‌ಮೆಂಟ್ ಪದವಿ ಇತ್ತು, ಅವರದೂ ಒಂದು ಹಳೆಯ ವಿದ್ಯಾರ್ಥಿಗಳ ಸಂಘವಿತ್ತು. ಅದು ವರ್ಷಕ್ಕೊಮ್ಮೆ ಪಂಚತಾರಾ ಹೋಟೆಲಿನಲ್ಲಿ ಭೋಜನಕೂಟ ಏರ್ಪಡಿಸುತ್ತಿತ್ತು. ಮಂಜುನಾಥನಂತೆ ಸಾಯುವವರು ಅಪರೂಪ. ಹೀಗೆ ವರದಿಯನ್ನು ಮೃದುಮಾಡಿಕೊಂಡು ಬದುಕುವವರು ಸಾವಿರಾರು, ಮತ್ತು ಅವರನ್ನು ಹಾಗೆ ಮಾಡಿದವರು ನನ್ನಂಥ ಮೇಲಧಿಕಾರಿಗಳು.

ಆದ್ದರಿಂದ ಗಂಭೀರಂನ ಸಂಸ್ಥೆಯ ಬಗ್ಗೆ ನೆರೆಯವನ ಸಲುಗೆಯಿಂದ ಒಂದೆರಡು ಮಾತು. ಅದಿನ್ನೂ ಎಳೆಯ ಸಂಸ್ಥೆ. ಅದರ ಮೊದಲ ತಂಡಗಳವರು ಈಗಷ್ಟೇ ಮೂವತ್ತು ದಾಟುತ್ತಿದ್ದಾರೆ. ಯಾವುದನ್ನು ಹೆಮ್ಮೆಯೆಂದು ಎಣಿಸಬೇಕೆಂಬ ವಾಡಿಕೆ ಬೇರೂರುವುದು ಇಂಥ ವರ್ಷಗಳಲ್ಲೇ. ಮೊದಲ ಸಂಬಳದ ಪಟ್ಟಿಯ ಜೊತೆಗೆ, ಹತ್ತು ವರ್ಷದ ಬಳಿಕ, ಇಪ್ಪತ್ತು ವರ್ಷದ ಬಳಿಕ ತನ್ನವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬ ದಾಖಲೆಯನ್ನೂ ಅದು ಪ್ರಕಟಿಸಲಿ. ಉಕ್ಕಿನ ಕಾರ್ಖಾನೆಯಲ್ಲಿ, ಬಂದರಿನಲ್ಲಿ, ಸಹಕಾರಿ ಬ್ಯಾಂಕಿನಲ್ಲಿ ಹೆಸರಿಲ್ಲದೆ ದುಡಿಯುವವರೂ ಅದರಲ್ಲಿರಲಿ. ಎರಡನೆಯದು ಇನ್ನೂ ಮುಖ್ಯ. ಅದರ ಹಳೆಯ ವಿದ್ಯಾರ್ಥಿಗಳ ಸಂಘ ಕಟ್ಟಡಕ್ಕೂ ವಿದ್ಯಾರ್ಥಿವೇತನಕ್ಕೂ ನಿಧಿ ಸಂಗ್ರಹಿಸುವಂತೆ, ಕರ್ತವ್ಯ ಮಾಡಿ ತೊಂದರೆಗೆ ಸಿಕ್ಕಿದ ತನ್ನ ಸದಸ್ಯನಿಗೆ ಕಾನೂನಿನ ನೆರವು ಕೊಡಲೂ ಒಂದು ನಿಧಿ ಇಡಲಿ. ಬೆದರಿಕೆಯ ಮೊದಲ ಕರೆ ಬಂದ ದಿನವೇ ಆತ ಫೋನು ಮಾಡಬಹುದಾದ ಒಂದು ಸಂಖ್ಯೆ, ಜೊತೆಗೆ ಹೋಗಬಲ್ಲ ಒಬ್ಬ ವಕೀಲ. ಇದಕ್ಕೆ ಬೇಕಾದ ಹಣ ಒಂದು ಭೋಜನಕೂಟದ ಖರ್ಚಿಗಿಂತ ಬಹಳ ಹೆಚ್ಚಾಗಲಾರದು. ಪಾಠದ ಕ್ರಮದಲ್ಲಿ ಲಖೀಂಪುರ ಖೇರಿಯ ಪ್ರಕರಣ ಸೇರಬೇಕೆಂದೂ ಹೇಳಬೇಕೆಂದಿದ್ದೆ. ಅದನ್ನು ಅಧ್ಯಾಪಕರ ವಿವೇಚನೆಗೆ ಬಿಡುತ್ತೇನೆ. ಉಪದೇಶವಾಗಿ ಕಲಿಸಿದರೆ ಪ್ರಯೋಜನವಿಲ್ಲ. ಒಂದು ಲೀಟರಿಗೆ ಇಪ್ಪತ್ತು ರೂಪಾಯಿಯ ಲೆಕ್ಕವಾಗಿ, ಒಬ್ಬ ಅಧಿಕಾರಿಗೆ ಎಷ್ಟು ಬಂಕುಗಳೆಂಬ ಲೆಕ್ಕವಾಗಿ, ತಪಾಸಣೆಯ ಜೀಪಿನಲ್ಲಿ ಎಷ್ಟು ಜನ ಕೂರಬೇಕೆಂಬ ಲೆಕ್ಕವಾಗಿ ಕಲಿಸಿದರೆ ಅದು ಮ್ಯಾನೇಜ್‌ಮೆಂಟೇ.

ಈ ಎರಡು ಸಲಹೆಗಳನ್ನು ಸಂಘದ ಹೆಸರಿನಲ್ಲಿ ಸಂಸ್ಥೆಯ ನಿರ್ದೇಶಕರಿಗೆ ಪತ್ರ ಮುಖೇನ ತಿಳಿಸಬೇಕೆಂದು ಕಾರ್ಯಕಾರಿ ಸಮಿತಿಗೆ ಸೂಚನೆ ಕೊಟ್ಟಿದ್ದೇನೆ. ಪೇಡೆ ಹಂಚಿದ ಮಿತ್ರರೇ ಅದನ್ನು ಅನುಮೋದಿಸಿದ್ದಾರೆ; ಕರಡನ್ನು ಮಗನಿಂದಲೇ ತಿದ್ದಿಸುತ್ತೇನೆ ಎಂದಿದ್ದಾರೆ. ಭಿನ್ನಾಭಿಪ್ರಾಯವುಳ್ಳ ಸದಸ್ಯರು ಮುಂದಿನ ಸಭೆಗೆ ಮೊದಲು ಕಾರ್ಯದರ್ಶಿಗಳಿ­ಗೆ ಬರೆಯಬೇಕಾಗಿ ವಿನಂತಿ.